ಮಲೆ ಏರುವ ಕಾಲಿಗೆ ಯಾವ ತೊಡುಗೆ?

ದೀಪಾವಳಿಯ ನರಕ ಚತುರ್ದಶಿ ಬಂತೆಂದರೆ ಚಿಕ್ಕಮಗಳೂರು ತಾಲ್ಲೂಕಿನ ಮಲ್ಲೇನಹಳ್ಳಿಯ ದಾರಿ ಜನರಿಂದ ತುಂಬಿಹೋಗುತ್ತದೆ. ವರ್ಷದ ಉಳಿದ ದಿನಗಳಲ್ಲಿ ನಿರ್ಜನವಾಗಿರುವ ದೇವೀರಮ್ಮನ ಬೆಟ್ಟವನ್ನು ಅಂದು ಸಾವಿರಾರು ಮಂದಿ ಏರುತ್ತಾರೆ. ಮೆಟ್ಟಿಲಿಲ್ಲ, ಕಟಾಂಜನವಿಲ್ಲ. ಕೆಲವರು ಮಾಣಿಕ್ಯಧಾರೆಯ ಕಡೆಯಿಂದ ಬಂದು ಗುಡ್ಡಗಳ ನೆತ್ತಿ ಹಿಡಿದು ಸಾಗಿದರೆ, ಮತ್ತೆ ಕೆಲವರು ಕೆಳಗಿನಿಂದ ನೇರವಾಗಿ ಹುಲ್ಲು ಹಿಡಿದು ಹತ್ತುತ್ತಾರೆ. ತುದಿಯಲ್ಲಿ ಉರಿಸುವ ಬೆಂಕಿಗೆಂದು ಒಬ್ಬರ ಹೆಗಲಲ್ಲಿ ಸೌದೆ, ಇನ್ನೊಬ್ಬರ ಕೈಯಲ್ಲಿ ತುಪ್ಪ, ಬಟ್ಟೆ. ಎಲ್ಲರಿಗೂ ಸಮಾನವಾದದ್ದು ಒಂದೇ, ಬರಿಗಾಲು. 2024ರ ದೀಪಾವಳಿಯಲ್ಲಿ ಮಳೆಗೆ ಕೆಸರಾದ ದಾರಿಯಲ್ಲಿ ಜಾರಿ ಹಲವರು ಗಾಯಗೊಂಡರು. ಆದರೂ ಹರಕೆ ಹೊತ್ತವರು ಚಪ್ಪಲಿ ಹಾಕಿ ಆ ಬೆಟ್ಟ ಏರುವುದಿಲ್ಲ.

ಅದೇ ಬೆಟ್ಟಸಾಲಿನ ಇನ್ನೊಂದು ತುದಿಯಲ್ಲಿ, 6,300 ಅಡಿಗೂ ಮಿಗಿಲಾದ ಮುಳ್ಳಯ್ಯನಗಿರಿಯ ಬುಡದಲ್ಲಿ, ಬೆಂಗಳೂರಿನಿಂದ ಬಂದ ಚಾರಣಿಗರು ಸಾವಿರಾರು ರೂಪಾಯಿಯ ಬೂಟಿನ ಲಾಡಿ ಬಿಗಿಯುತ್ತಿರುತ್ತಾರೆ. ಇವೆರಡರ ನಡುವೆ, ಕಾಫಿ ಗಿಡಗಳ ಸಾಲಿನಲ್ಲಿ, ದಿನಕ್ಕೆ ಎಂಟು ಗಂಟೆ ಕಾಲುದಾರಿಯೂ ಇಲ್ಲದ ಇಳಿಜಾರಿನಲ್ಲೇ ನಿಂತು ದುಡಿಯುವ ಹೆಂಗಸಿನ ಕಾಲಿನಲ್ಲಿ ಬಹುಮಟ್ಟಿಗೆ ಹವಾಯಿ ಚಪ್ಪಲಿ ಇರುತ್ತದೆ, ಇಲ್ಲವೇ ಏನೂ ಇರುವುದಿಲ್ಲ. ಮಲೆನಾಡಿನ ಬೆಟ್ಟದಲ್ಲಿ ದಾರಿ ಬಿಟ್ಟು ಒಂದು ದಿನ ಕಳೆಯಬೇಕಾದವರು ಮೈಗೆ, ಕಾಲಿಗೆ ಏನನ್ನು ಆರಿಸಿಕೊಂಡರು, ಆರಿಸುವ ಸ್ವಾತಂತ್ರ್ಯ ಯಾರಿಗೆ ಇತ್ತು, ಯಾರಿಗೆ ಇರಲಿಲ್ಲ ಎಂಬುದು ಈ ಸೀಮೆಯ ಇತಿಹಾಸದ ಒಂದು ಮುಖ್ಯ ಎಳೆಯಾಗಿದೆ.

ಇಂಥ ಆಯ್ಕೆಯ ಲೆಕ್ಕಾಚಾರ ಮಲೆನಾಡಿಗೆ ಮಾತ್ರ ಸೀಮಿತವಾದುದಲ್ಲ. ಹಿಮದ ನಾಡುಗಳಲ್ಲಿ ಸಿದ್ಧ ದಾರಿ ಬಿಟ್ಟು ಒಂದು ದಿನದ ಮಟ್ಟಿಗೆ ಬೆಟ್ಟ ಸುತ್ತಿ ಬರುವವರು ಕಾಲಿಗೆ ಸ್ಕೀ ಎಂಬ ಉದ್ದನೆಯ ಹಲಗೆ ಕಟ್ಟಿಕೊಳ್ಳುತ್ತಾರೆ. ಹಲಗೆ ಅಗಲವಿದ್ದರೆ ಮೆದು ಹಿಮದಲ್ಲಿ ಹೂತುಹೋಗದೆ ತೇಲುತ್ತದೆ. ಆದರೆ ಹತ್ತುವಾಗ ಭಾರ. ಕಿರಿದಾಗಿದ್ದರೆ ಹಗುರ, ಆದರೆ ಇಳಿಯುವಾಗ ಹಿಮದಲ್ಲಿ ಸಿಕ್ಕಿಕೊಳ್ಳುತ್ತದೆ. ಹತ್ತುವಾಗ ಹಿಂದಕ್ಕೆ ಜಾರದಿರಲೆಂದು ಹಲಗೆಯ ತಳಕ್ಕೆ ಹಿಂದೆ ಸೀಲ್ ಪ್ರಾಣಿಯ ಚರ್ಮ ಕಟ್ಟುತ್ತಿದ್ದರು. ಅದರ ರೋಮ ಹಿಂದಕ್ಕೆ ಬಾಗಿರುವುದರಿಂದ ಮುಂದಕ್ಕೆ ಸರಾಗವಾಗಿ ಜಾರುತ್ತದೆ, ಹಿಂದಕ್ಕೆ ಕಚ್ಚಿಕೊಳ್ಳುತ್ತದೆ. ಇಂದು ಆ ಜಾಗಕ್ಕೆ ಮೇಕೆಯ ಉಣ್ಣೆ ಹಾಗೂ ನೈಲಾನ್ ಬಂದಿವೆ. ನಾರ್ವೆಯ ನಾನ್ಸೆನ್ 1888ರಲ್ಲಿ ಗ್ರೀನ್‌ಲೆಂಡನ್ನು ಅಡ್ಡಹಾಯ್ದದ್ದು ಸ್ಕೀ ಕಟ್ಟಿಕೊಂಡೇ. (ಹಿಮವೇ ಬೀಳದ ನಮ್ಮ ನಾಡಿಗೂ ಇದಕ್ಕೂ ನಂಟಿಲ್ಲವೆನ್ನುವಂತಿಲ್ಲ. ಪಕ್ಕದ ಕೊಡಗಿನ ಭವಾನಿ ತೆಕ್ಕಡ ನಂಜುಂಡ 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಸ್ಕೀ ಸ್ಪರ್ಧೆಯಲ್ಲಿ ಕಂಚಿನ ಪದಕ ಪಡೆದರು.) ಕಾಲಿನ ಮೇಲೆ ಹೊತ್ತ ಒಂದು ಸೇರು ಬೆನ್ನ ಮೇಲಿನ ಐದು ಸೇರಿಗೆ ಸಮ ಎಂಬುದು ಪರ್ವತಾರೋಹಿಗಳ ಹಳೆಯ ಮಾತು. ಪ್ರಯೋಗಗಳೂ ಇದನ್ನು ಹೆಚ್ಚು ಕಡಿಮೆ ಒಪ್ಪಿವೆ. ಹಿಮವಾಗಲಿ ಕೆಸರಾಗಲಿ, ರಕ್ಷಣೆ ಹೆಚ್ಚಿದಷ್ಟೂ ಭಾರ ಹೆಚ್ಚು, ಭಾರ ಇಳಿಸಿದಷ್ಟೂ ಅಪಾಯ ಹೆಚ್ಚು. ಮಲೆನಾಡಿನವರು ಈ ತೂಕವನ್ನು ತಮ್ಮದೇ ರೀತಿಯಲ್ಲಿ ಹೊಂದಿಸಿಕೊಂಡಿದ್ದರು.

ಗಂಡಿಗೆ ಕಂಬಳಿ, ಹೆಣ್ಣಿಗೆ ಗೊರಬು

ಮಲೆನಾಡಿನ ಮಳೆಗೆ ಮೊದಲ ಉತ್ತರ ಕಂಬಳಿ. ಸೋಜಿಗವೆಂದರೆ ಈ ಕಂಬಳಿ ಮಲೆನಾಡಿನದಲ್ಲ. ಮಳೆಯೇ ಅಪರೂಪವಾದ ಚಿತ್ರದುರ್ಗ, ಚಳ್ಳಕೆರೆಯ ಬಯಲಿನಲ್ಲಿ ಕುರುಬರು ಕುರಿಯ ಉಣ್ಣೆ ಕತ್ತರಿಸಿ, ನೂತು, ನೇಯ್ದು, ಹುಣಸೆ ಬೀಜದ ಗಂಜಿ ಹಾಕಿ ಬಿಗಿಗೊಳಿಸಿದ ಕರಿ ಕಂಬಳಿ ಘಟ್ಟದ ಮಳೆಗೆ ಒದಗಿತು. ಅದರ ಒಂದು ಮೂಲೆಯನ್ನು ಒಳಕ್ಕೆ ಮಡಚಿ ತಲೆಯ ಮೇಲೆ ಮೊನಚಾಗಿ ನಿಲ್ಲುವಂತೆ ಹೊದ್ದರೆ ಅದೇ ಕೊಪ್ಪೆ. ಹುರಿಗೊಂಡ ಉಣ್ಣೆ ಮತ್ತು ಗಂಜಿ ಸೇರಿ ನೀರು ಕೂಡಲೇ ಒಳಗಿಳಿಯದೆ ಮೇಲಿನಿಂದ ಜಾರಿಹೋಗುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡೂ ಮೈಗೆ ಒದ್ದೆಯೆನಿಸುವುದಿಲ್ಲ, ನೆನೆದರೂ ಬೆಚ್ಚಗಿಡುತ್ತದೆ. ಅಡಿಕೆ ತೋಟಕ್ಕೆ ಹೋಗುವವನಿಗೆ, ದನ ಹುಡುಕಿಕೊಂಡು ಕಾಡು ಹೊಕ್ಕವನಿಗೆ, ರಾತ್ರಿ ಗದ್ದೆ ಕಾಯುವವನಿಗೆ ಹೊದಿಕೆ, ಹಾಸಿಗೆ, ಮಳೆಯಂಗಿ ಎಲ್ಲವೂ ಇದೇ. ದೋಷವೊಂದೇ, ಒಮ್ಮೆ ಪೂರ್ತಿ ನೆನೆಯಿತೆಂದರೆ ಹೊರಲಾರದಷ್ಟು ಭಾರ. ಆಮೇಲೆ ಒಲೆಯ ಮೇಲಿನ ಅಟ್ಟದಲ್ಲಿ ಹರವಿ ಒಣಗಿಸಬೇಕು.

ಹೆಂಗಸರ ಕೆಲಸಕ್ಕೆ ಕಂಬಳಿ ಒಗ್ಗುವುದಿಲ್ಲ. ಸಸಿ ನೆಡುವಾಗ, ಕಳೆ ಕೀಳುವಾಗ ಬೆನ್ನು ಬಾಗಿರಬೇಕು, ಎರಡೂ ಕೈ ಬಿಡುವಾಗಿರಬೇಕು. ಅದಕ್ಕೆಂದೇ ಹುಟ್ಟಿದ್ದು ಗೊರಬು. ಬಿದಿರಿನ ಸೀಳುಗಳಿಂದ ಹೆಣೆದ ಎರಡು ಪದರದ ನಡುವೆ ಎಲೆ ಹಾಸಿ ಕಟ್ಟಿದ ಇದು ಕವುಚಿ ಹಾಕಿದ ದೋಣಿಯಂತೆ ಕಾಣುತ್ತದೆ. ನೆತ್ತಿಯಿಂದ ಸೊಂಟದ ಕೆಳಗಿನವರೆಗೆ ಬೆನ್ನನ್ನು ಮುಚ್ಚುತ್ತದೆ. ಬಾಗಿದಷ್ಟೂ ರಕ್ಷಣೆ ಹೆಚ್ಚು. ನೆಟ್ಟಗೆ ನಿಂತರೆ ಮುಂಭಾಗವೆಲ್ಲ ತೋಯುತ್ತದೆ. ಮಳೆಯ ಸಾಧನವೊಂದು ಕೂಲಿಯ ಭಂಗಿಗೆ ಇಷ್ಟು ನಿಖರವಾಗಿ ಹೊಂದಿಕೊಂಡಿರುವುದು ಅಪರೂಪವೇ ಸರಿ. ಕಾಡಿನ ಪೊದೆಗಳಲ್ಲಿ ನುಗ್ಗುವುದಕ್ಕೆ ಮಾತ್ರ ಗೊರಬು ಪ್ರಯೋಜನವಿಲ್ಲ. ಕೊಂಬೆಗೆ ಸಿಕ್ಕಿಕೊಳ್ಳುತ್ತದೆ, ಗಾಳಿಗೆ ಎತ್ತಿಹಾಕುತ್ತದೆ. ಅದು ಗದ್ದೆಯ ಉಡುಪು, ಕಾಡಿನದಲ್ಲ. ಪ್ಲಾಸ್ಟಿಕ್ ಹಾಳೆ ಬಂದ ಮೇಲೆ ಗದ್ದೆಯಿಂದಲೂ ಅದು ಬಹುಪಾಲು ಮರೆಯಾಯಿತು. ಈಗ ಪ್ಲಾಸ್ಟಿಕ್ ಹಾಳೆಯನ್ನೇ ಕಂಬಳಿಯ ಹಾಗೆ ಕೊಪ್ಪೆ ಮಡಚಿ ಹೊದೆಯುತ್ತಾರೆ. ವಸ್ತು ಬದಲಾದರೂ ಮಡಿಕೆ ಉಳಿದಿದೆ.

ಇಂಬಳದ ಕಾಲ

ತಲೆ, ಬೆನ್ನುಗಳ ಮಾತಾಯಿತು. ಇನ್ನು ಕಾಲು. ಇಲ್ಲಿ ಮಳೆಗಿಂತ ದೊಡ್ಡ ಎದುರಾಳಿ ಇಂಬಳ. ಬಯಲುಸೀಮೆಯವರು ಜಿಗಣೆ ಎನ್ನುವ ಜಾತಿಯದೇ ಆದರೂ ಇದು ನೀರಿನದಲ್ಲ, ನೆಲದ್ದು. ಜೂನ್‌ನಿಂದ ಅಕ್ಟೋಬರ್‌ವರೆಗೆ ತರಗೆಲೆಯ ನಡುವೆ, ಹುಲ್ಲಿನ ತುದಿಯಲ್ಲಿ ದಾರದ ತುಂಡಿನಂತೆ ನಿಂತು, ಬರುವ ಜೀವಿಯ ಹೆಜ್ಜೆಯ ಕಂಪನ, ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ಬಿಸಿ ಇವುಗಳ ಸುಳಿವು ಹಿಡಿದು ಹತ್ತಿಕೊಳ್ಳುತ್ತದೆ. ಕಚ್ಚಿದ್ದು ಗೊತ್ತಾಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವವನ್ನು ಅದು ಬಿಡುವುದರಿಂದ, ಕಿತ್ತೆಸೆದ ಮೇಲೂ ಬಹಳ ಹೊತ್ತು ರಕ್ತ ಹರಿಯುತ್ತಲೇ ಇರುತ್ತದೆ.

ಮಲೆನಾಡಿಗರ ಪ್ರತಿಯುಪಾಯ ಸರಳ: ಹೊಗೆಸೊಪ್ಪು, ಸುಣ್ಣ, ಉಪ್ಪು, ನಿಂಬೆ ಹುಳಿ, ಬೇವಿನ ಎಣ್ಣೆ. ಎಲೆಯಡಿಕೆ ಸಂಚಿಯಲ್ಲಿರುವ ಸುಣ್ಣ, ಹೊಗೆಸೊಪ್ಪುಗಳೇ ಬಾಯಿಗೂ ಕಾಲಿಗೂ ಆಗುತ್ತಿದ್ದವು. ಮುಖ್ಯವಾದ ಮಾತೆಂದರೆ ಇವೆಲ್ಲ ಬರಿಗಾಲಿಗೆ ಹೊಂದುವ ಉಪಾಯಗಳು. ಬರಿಗಾಲಿನಲ್ಲಿ ಇಂಬಳ ಹತ್ತಿದರೆ ಕಣ್ಣಿಗೆ ಬೀಳುತ್ತದೆ, ಕೂಡಲೇ ತೆಗೆಯಬಹುದು. ಬೂಟಿನೊಳಗೆ ಸೇರಿದ್ದು ಸಂಜೆ ಬೂಟು ಕಳಚಿದಾಗಲೇ ಕಾಣುವುದು. ಜಂಬಿಟ್ಟಿಗೆಯ ಜಾರು ನೆಲದಲ್ಲಿ ಬೆರಳು ಊರಿ ಹಿಡಿತ ಸಿಗುವುದೂ ಬರಿಗಾಲಿಗೇ. ಹಾಗಾಗಿ ಮಲೆನಾಡಿನ ಬರಿಗಾಲನ್ನು ಕೇವಲ ಬಡತನ ಅಥವಾ ಅರಿವಿನ ಕೊರತೆ ಎಂದು ತಳ್ಳಿಹಾಕುವುದು ಸರಿಯಲ್ಲ.

ಹೊರಗಿನಿಂದ ಬಂದವರು ಇನ್ನೊಂದು ದಾರಿ ಹಿಡಿದರು. ಬಾಬಾ ಬುಡನ್ ತಂದ ಏಳು ಬೀಜಗಳ ಐತಿಹ್ಯವೇನೇ ಇರಲಿ, ಇಲ್ಲಿ ಯುರೋಪಿಯನ್ನರ ದೊಡ್ಡ ಕಾಫಿ ತೋಟಗಳು ತಲೆಯೆತ್ತಿದ್ದು 19ನೇ ಶತಮಾನದಲ್ಲಿ. ಮೂಡಿಗೆರೆಗೆ ತಾಗಿದ ಮಂಜರಾಬಾದ್ ಸೀಮೆಗೆ 1850ರ ದಶಕದಲ್ಲಿ ಬಂದ ರಾಬರ್ಟ್ ಎಲಿಯಟ್ 1894ರಲ್ಲಿ ಮೈಸೂರಿನ ಚಿನ್ನ, ಬೇಟೆ, ಕಾಫಿ ಕೃಷಿಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಬೇಟೆಗೂ ತೋಟಕ್ಕೂ ಕಾಡು ನುಗ್ಗಬೇಕಾದ ಈ ದೊರೆಗಳ ಪಾಡು ಹೇಗಿತ್ತೆಂಬುದಕ್ಕೆ ಸಿಂಹಳದ ಉದಾಹರಣೆ ಸ್ಪಷ್ಟವಾಗಿದೆ. ಅಲ್ಲಿನ ಆಡಳಿತದಲ್ಲಿದ್ದ ಎಮರ್ಸನ್ ಟೆನೆಂಟ್ 1859ರ ತನ್ನ ಗ್ರಂಥದಲ್ಲಿ, ಕಾಫಿ ತೋಟದ ಯಜಮಾನರು ಇಂಬಳದಿಂದ ಪಾರಾಗಲು ಒತ್ತಾಗಿ ನೇಯ್ದ ಬಟ್ಟೆಯ ಕಾಲುಚೀಲಗಳನ್ನು ತೊಡುತ್ತಿದ್ದುದನ್ನೂ, ಸ್ಥಳೀಯರು ಎಣ್ಣೆ, ಹೊಗೆಸೊಪ್ಪಿನ ಬೂದಿ, ನಿಂಬೆರಸ ಬಳಿದುಕೊಳ್ಳುತ್ತಿದ್ದುದನ್ನೂ ದಾಖಲಿಸಿದ್ದಾನೆ. ಒಂದೇ ಕಾಡು, ಒಂದೇ ಹುಳು, ಎರಡು ಉತ್ತರ. ಇಂದು ಚಾರಣದ ಅಂಗಡಿಯಲ್ಲಿ ಸಿಗುವ ಮೊಣಕಾಲೆತ್ತರದ ಇಂಬಳ ಕಾಲುಚೀಲ ಆ ದೊರೆಗಳ ಚೀಲದ ಮೊಮ್ಮಗುವೆನ್ನಬಹುದು. ಮೊಣಕಾಲವರೆಗೆ ಬಟ್ಟೆ ಸುತ್ತುವ ಪದ್ಧತಿಗೆ ಇಂಗ್ಲಿಷರು ಹೆಸರನ್ನೂ ನಮ್ಮ ದೇಶದಿಂದಲೇ ಪಡೆದರು. ಹಿಂದಿಯ 'ಪಟ್ಟಿ' ಅವರ ಬಾಯಲ್ಲಿ 'ಪಟೀ' ಆಗಿ ಮೊದಲ ಮಹಾಯುದ್ಧದ ಸೈನಿಕರ ಕಾಲಿಗೆ ಸುತ್ತಿಕೊಂಡಿತು.

ದೊರೆಗಳ ಚರ್ಮದ ಬೂಟಿಗೆ ಮಲೆನಾಡಿನ ಮಳೆ ದಯೆ ತೋರಲಿಲ್ಲ. ಚರ್ಮ ಬೂಸಲು ಹಿಡಿಯುತ್ತದೆ, ಹೊಲಿಗೆ ಕೊಳೆಯುತ್ತದೆ. ಹಿಡಿತಕ್ಕಾಗಿ ಅಟ್ಟೆಗೆ ಹೊಡೆದ ಕಬ್ಬಿಣದ ಮೊಳೆ ಒದ್ದೆ ಬಂಡೆಯ ಮೇಲೆ ಜಾರುತ್ತದೆ. ಈ ಮೊಳೆಯ ಬೂಟಿನ ಯುಗ ಮುಗಿದದ್ದು ದೂರದ ಒಂದು ದುರಂತದಿಂದ. 1935ರಲ್ಲಿ ಇಟಲಿಯ ಆಲ್ಪ್ಸ್‌ನಲ್ಲಿ ಹವಾಮಾನ ಕೆಟ್ಟು ಆರು ಮಂದಿ ಪರ್ವತಾರೋಹಿಗಳು ಸತ್ತರು. ಅವರ ಒಡನಾಡಿಯಾಗಿದ್ದ ವಿಟಾಲೆ ಬ್ರಮಾನಿ ಎಂಬಾತ ಅದೇ ಕೊರಗಿನಲ್ಲಿ ಆಳವಾದ ಹಲ್ಲುಗಳುಳ್ಳ ರಬ್ಬರ್ ಅಟ್ಟೆಯನ್ನು 1937ರಲ್ಲಿ ರೂಪಿಸಿದ. ಇಂದಿನ ಪ್ರತಿಯೊಂದು ಚಾರಣ ಬೂಟಿನ ತಳದಲ್ಲೂ ಆ ಹಲ್ಲುಗಳಿವೆ. ಎರಡನೇ ಮಹಾಯುದ್ಧದಲ್ಲಿ ಉಷ್ಣವಲಯದ ಕಾಡುಗಳಲ್ಲಿ ಕಾದಾಡಿದ ಅಮೆರಿಕನ್ ಸೇನೆ ಚರ್ಮದ ಬದಲು ಕ್ಯಾನ್ವಾಸ್ ಮತ್ತು ರಬ್ಬರಿನ ಬೂಟು ಹಂಚಿತು. ನೀರು ಒಳಗೆ ಬರುವುದನ್ನು ತಡೆಯುವ ಬದಲು ಬಂದ ನೀರು ಬೇಗ ಹೊರಹೋಗಲಿ ಎಂಬ ತರ್ಕ ಅದರದು. ಮಲೆನಾಡಿನ ಕಾಡುಗಳಲ್ಲಿ ಹಸಿರು ಕ್ಯಾನ್ವಾಸ್ ಶೂ ದುಬಾರಿ ಬೂಟಿಗಿಂತ ಒಳ್ಳೆಯದೆನ್ನುವವರ ವಾದವೂ ಇದೇ. ಹಗುರ, ಬೇಗ ಒಣಗುತ್ತದೆ, ಹಾಳಾದರೆ ದುಃಖವಿಲ್ಲ.

ಬರಿಗಾಲು ತೆತ್ತ ಬೆಲೆ

ಬರಿಗಾಲನ್ನು ಹೊಗಳಿದ್ದಾಯಿತು. ಆದರೆ ಅದು ಎಲ್ಲರಿಗೂ ಆಯ್ಕೆಯಾಗಿರಲಿಲ್ಲ. ಪಾದರಕ್ಷೆಗೂ ಜಾತಿಗೂ ನಮ್ಮಲ್ಲಿ ಇರುವ ಗಂಟು ಬಹಳ ಹಳೆಯದು. ಕಲ್ಯಾಣದ ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿದರೆಂಬ ಕಥೆ ಜನಮನದಲ್ಲಿ ಉಳಿದಿರುವುದು ಅಕಾರಣವಲ್ಲ. ಮೆಟ್ಟು ಹೊಲಿಯುವವನೇ ಮೆಟ್ಟು ಮೆಟ್ಟಿ ಊರ ಬೀದಿಯಲ್ಲಿ ನಡೆಯುವಂತಿರಲಿಲ್ಲ. ಒಡೆಯರ ಅಂಗಳದಲ್ಲಿ ಆಳಿನ ಕಾಲು ಬರಿದಾಗಿಯೇ ಇರಬೇಕಿತ್ತು. ಘಟ್ಟ ಇಳಿದು ಉಪ್ಪು ಹೇರಿಕೊಂಡು ಬರುತ್ತಿದ್ದ ಎತ್ತುಗಳ ಗೊರಸಿಗೆ ಕಬ್ಬಿಣದ ಲಾಳ ಹೊಡೆಸುತ್ತಿದ್ದರು. ಎತ್ತು ಕುಂಟಿದರೆ ನಷ್ಟ. ಹಿಂದೆ ನಡೆಯುವವನ ಪಾದದ ಲೆಕ್ಕ ಯಾರೂ ಇಡಲಿಲ್ಲ.

ಲೆಕ್ಕ ಇಟ್ಟಿದ್ದು ಕೊಕ್ಕೆಹುಳು. ಬಯಲಲ್ಲಿ ಮಲವಿಸರ್ಜನೆ, ನೆರಳು, ತೇವ, ಬೆಚ್ಚನೆಯ ಮಣ್ಣು, ಬರಿಗಾಲು ಇವಿಷ್ಟಿದ್ದರೆ ಅದರ ಸಂಸಾರ ಸುಸೂತ್ರ. ಕಾಫಿ ತೋಟದ ನೆರಳು ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಈ ಹುಳುವಿನ ಮರಿ ಬಾಯಿಯಿಂದಲ್ಲದೆ ಚರ್ಮವನ್ನೇ ಕೊರೆದು ದೇಹ ಸೇರುತ್ತದೆಂಬುದನ್ನು 1890ರ ದಶಕದ ಕೊನೆಯಲ್ಲಿ ಈಜಿಪ್ಟಿನಲ್ಲಿ ಕೆಲಸ ಮಾಡುತ್ತಿದ್ದ ಜರ್ಮನ್ ವಿಜ್ಞಾನಿ ಆರ್ಥರ್ ಲೂಸ್ ಕಂಡುಹಿಡಿದ. ಪ್ರಯೋಗದ ದ್ರವ ಅಕಸ್ಮಾತ್ತಾಗಿ ತನ್ನ ಕೈಮೇಲೆ ಚೆಲ್ಲಿಕೊಂಡದ್ದೇ ಅವನಿಗೆ ಸುಳಿವಾಯಿತು. ಹುಳು ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಕೂಲಿಯಾಳು ಬಿಳಿಚಿಕೊಳ್ಳುತ್ತಾನೆ, ಬೇಗ ದಣಿಯುತ್ತಾನೆ. ದಣಿದವನಿಗೆ ಸಿಗುತ್ತಿದ್ದ ಹೆಸರು ಸೋಮಾರಿ. ಒಂದು ಜೊತೆ ಮೆಟ್ಟು ಮತ್ತು ಒಂದು ಪಾಯಿಖಾನೆ ತಡೆಯಬಹುದಾಗಿದ್ದ ರೋಗ ಇದು.

ಸ್ವಾತಂತ್ರ್ಯಾನಂತರ 1951ರಲ್ಲಿ ಬಂದ ತೋಟ ಕಾರ್ಮಿಕರ ಕಾಯ್ದೆ ಈ ದೃಷ್ಟಿಯಿಂದ ಓದಲು ತಕ್ಕದ್ದು. ಮಳೆ ಮತ್ತು ಚಳಿಯಿಂದ ರಕ್ಷಿಸಲು ಮಾಲೀಕರು ಕಾರ್ಮಿಕರಿಗೆ ಕೊಡೆ, ಕಂಬಳಿ, ಮಳೆಯಂಗಿ ಅಥವಾ ಅಂಥ ಇತರ ಸೌಕರ್ಯ ಒದಗಿಸುವಂತೆ ರಾಜ್ಯ ಸರ್ಕಾರಗಳು ನಿಯಮ ಮಾಡಬಹುದೆಂದು ಅದರ 17ನೇ ಕಲಮು ಹೇಳಿತು. ತಲೆಗೆ ಕೊಡೆ, ಬೆನ್ನಿಗೆ ಕಂಬಳಿ. ಕಾಲಿಗೆ ಹಾಕುವ ವಸ್ತುವಿನ ಹೆಸರು ಆ ಕಲಮಿನಲ್ಲಿ ಬರುವುದಿಲ್ಲ. ಕಾನೂನು ಬರೆದವರಿಗೆ ಮಳೆ ಮೇಲಿನಿಂದ ಬೀಳುವುದು ಕಂಡಿತ್ತು. ಅಪಾಯ ಕೆಳಗಿನಿಂದ ಹತ್ತುವುದು ಕಾಣಲಿಲ್ಲ ಎನ್ನದೆ ವಿಧಿಯಿಲ್ಲ. ಆ ಕಾಯ್ದೆ 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಯೊಳಗೆ ವಿಲೀನವಾಯಿತು.

ಒಣ ತಿಂಗಳ ವೈರಿ

ಕಾಯ್ದೆ ಬಂದ ಆರನೆಯ ವರ್ಷ, 1957ರಲ್ಲಿ, ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಬೆನ್ನಿಗೇ ಕಾಡಿಗೆ ಹೋಗಿ ಬಂದ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು, ಉಣುಗು ಅಥವಾ ಉಣ್ಣೆಯ ಕಡಿತದಿಂದ ಹರಡುವ ಹೊಸ ವೈರಸ್ ಇದೆಂದು ಗುರುತಿಸಿದರು. ಜಗತ್ತಿನ ವೈದ್ಯ ಗ್ರಂಥಗಳಲ್ಲಿ ಮಲೆನಾಡಿನ ಒಂದು ಕಾಡಿನ ಹೆಸರು ಸೇರಿದ್ದು ಹೀಗೆ. ಜನ ಮಾತ್ರ ಇದನ್ನು ಮಂಗನ ಕಾಯಿಲೆ ಎಂದೇ ಕರೆದರು. ಹಿಡಿದ ನೂರು ಮಂದಿಯಲ್ಲಿ ಮೂವರಿಂದ ಐವರು ಸಾಯುತ್ತಾರೆಂಬುದು ಸಾಮಾನ್ಯ ಅಂದಾಜು. ಕಾಯಿಲೆ ನಂತರದ ದಶಕಗಳಲ್ಲಿ ಬೇರೆ ಜಿಲ್ಲೆಗಳಿಗೂ ಹಬ್ಬಿತು. 2024ರ ಆರಂಭದಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲೂ ಇದರಿಂದ ಸಾವು ಸಂಭವಿಸಿತು.

ಇಲ್ಲಿ ಮಲೆನಾಡಿನ ಹಳೆಯ ಲೆಕ್ಕ ತಲೆಕೆಳಗಾಗುತ್ತದೆ. ಇಂಬಳ ಮಳೆಗಾಲದ್ದು, ದೊಡ್ಡದು, ಕಣ್ಣಿಗೆ ಕಾಣುವಂಥದು, ಪ್ರಾಣ ತೆಗೆಯುವುದಿಲ್ಲ. ಕಾಯಿಲೆ ಹರಡುವ ಎಳೆಯ ಉಣುಗು ಮಳೆ ನಿಂತ ಮೇಲೆ, ಡಿಸೆಂಬರಿನಿಂದ ಮೇ ತನಕ, ಒಣ ತರಗೆಲೆಯಲ್ಲಿ ಇರುತ್ತದೆ. ಎಳ್ಳಿಗಿಂತ ದೊಡ್ಡದಲ್ಲ. ಸುಣ್ಣ ಹೊಗೆಸೊಪ್ಪಿಗೆ ಕಾದು ಕೂರುವಷ್ಟು ಹೊತ್ತು ಅದು ಕಾಣಿಸಿಕೊಳ್ಳುವುದೇ ಇಲ್ಲ. ಕಾಫಿ ಕೊಯ್ಲು, ಕೊಟ್ಟಿಗೆಗೆ ದರಗು ಗುಡಿಸಿ ತರುವುದು, ಸೌದೆ ಒಟ್ಟುವುದು, ಮಳೆಗೆ ಮುಂಚಿನ ಮರಗಸಿ ಎಲ್ಲ ಬರುವುದು ಇದೇ ತಿಂಗಳುಗಳಲ್ಲಿ. ಬೆಟ್ಟ ನೋಡಲು ಬರುವವರ ಕಾಲವೂ ಬಹುಮಟ್ಟಿಗೆ ಇದೇ. ಇಂಬಳಕ್ಕೆ ಹೆದರಿ ಮಳೆಗಾಲ ಬಿಟ್ಟು ಜನವರಿಯಲ್ಲಿ ಚೆಡ್ಡಿ ಹಾಕಿಕೊಂಡು ಕಾಡು ಹೊಕ್ಕು ತರಗೆಲೆಯ ಮೇಲೆ ಕೂತು ಬುತ್ತಿ ಬಿಚ್ಚುವವನು, ತಿಳಿಯದೆಯೇ ಸಣ್ಣ ಅಪಾಯ ಬಿಟ್ಟು ದೊಡ್ಡದನ್ನು ಆರಿಸಿಕೊಂಡಿರುತ್ತಾನೆ. ಕಾಯಿಲೆ ಇರುವ ಕಡೆ ಆರೋಗ್ಯ ಇಲಾಖೆ ಹೇಳುವುದು ಇಷ್ಟೇ: ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಮುಚ್ಚಿದ ಬೂಟು, ತೆರೆದ ಚರ್ಮಕ್ಕೆ ಎಣ್ಣೆ, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ, ಬಟ್ಟೆಗಳನ್ನೂ ಬಿಸಿನೀರಿಗೆ ಹಾಕುವುದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸುವುದು. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2022ರ ಹೊತ್ತಿಗೆ ನಿಂತುಹೋದ ಮೇಲೆ, ತೊಡುಗೆ ಮತ್ತು ಎಣ್ಣೆಗಳೇ ಮುಖ್ಯ ಗುರಾಣಿಯಾದವು.

ಈ ಎಣ್ಣೆಯದು ಹಳೆಯ ಸುಣ್ಣ ಹೊಗೆಸೊಪ್ಪಿನ ಮುಂದುವರಿಕೆಯೇ. ಬಹುಕಾಲ ಡಿಎಂಪಿ ಎಣ್ಣೆ ಹಂಚಲಾಗುತ್ತಿತ್ತು. ಅದರ ಜಾಗಕ್ಕೆ ಈಚಿನ ವರ್ಷಗಳಲ್ಲಿ ಸೇನೆಗೆಂದು ಸಿದ್ಧಪಡಿಸಿದ್ದ ಡೆಪಾ ಎಣ್ಣೆ ಬಂತು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಸೀಸೆ ಮುಟ್ಟಿಸುತ್ತಾರೆ. ಬಳಸುವುದು ಮಾತ್ರ ಬೇರೆ ಮಾತು. ಬೆವರಿಗೆ ಎಣ್ಣೆ ಇಳಿದುಹೋಗುತ್ತದೆ, ಕೈಗೆ ಅಂಟುತ್ತದೆ, ಕತ್ತಿಯ ಹಿಡಿ ಜಾರುತ್ತದೆ.

ಗಂಬೂಟಿನ ಕಥೆಯೂ ಇದಕ್ಕೆ ಹೊರತಲ್ಲ. ಮುಂಗಾರಿಗೆ ಮುನ್ನ ಮೂಡಿಗೆರೆ, ಕಳಸದ ಅಂಗಡಿಗಳ ಮುಂದೆ ಕರಿ ಗಂಬೂಟುಗಳು ತೂಗುತ್ತವೆ. ಹಾವಿಗೆ, ಇಂಬಳಕ್ಕೆ, ಮುಳ್ಳಿಗೆ, ಉಣುಗಿಗೆ ಎಲ್ಲಕ್ಕೂ ಅದು ತಡೆ. ಆದರೆ ಕಡಿದಾದ ಇಳಿಜಾರಿನಲ್ಲಿ ಹಿಮ್ಮಡಿ ಒಳಗೇ ಜಾರುತ್ತದೆ, ಬೆವರಿಗೆ ಬೆರಳ ಸಂದಿ ಕೊಳೆಯುತ್ತದೆ, ಹಳ್ಳ ದಾಟುವಾಗ ಒಳಗೆ ನೀರು ತುಂಬಿದರೆ ಹೆಜ್ಜೆ ಎತ್ತುವುದೇ ಸಾಹಸ. ಸಿಗುವ ಅಳತೆಗಳೂ ಹೆಚ್ಚಾಗಿ ಗಂಡಸರವು. ಹೆಂಗಸರು ಒಳಗೆ ಎರಡು ಜೊತೆ ಕಾಲುಚೀಲ ಹಾಕಿ ಸರಿದೂಗಿಸಬೇಕು. ಬೂಟು ಕೊಡಿಸುವ ಎಸ್ಟೇಟುಗಳಿವೆ, ಇಲ್ಲದ ಕಡೆ ಕೂಲಿಯವರೇ ಕೊಳ್ಳಬೇಕು. ಕೊಂಡ ಜೊತೆಯನ್ನು ಸಂಜೆ ಲೈನ್ ಮನೆಯ ಗೋಡೆಗೆ ಹೊಡೆದ ಗೂಟಕ್ಕೆ, ಒಳಗೆ ಏನೂ ಸೇರಿಕೊಳ್ಳದಂತೆ, ತಲೆಕೆಳಗಾಗಿ ಸಿಕ್ಕಿಸುತ್ತಾರೆ. ಪಕ್ಕದ ಗೂಟದಲ್ಲಿ ಕಂಬಳಿ, ಅದರ ಮಡಿಕೆಯಲ್ಲಿ ಎಲೆಯಡಿಕೆ ಸಂಚಿ.